ನೀಸ್‌ನಿಂದ ಇಂಪೀರಿಯಾಕ್ಕೆ: ಮೆಡಿಟರೇನಿಯನ್ ದಂಡೆಯಲ್ಲಿ ಒಬ್ಬರೇ ಒಂದು ದಿನದ ಸೈಕಲ್ ಪ್ರವಾಸ

ಒಬ್ಬರೇ ಸೈಕಲ್ ಪ್ರವಾಸ ಹೊರಡುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು, ಸಾಕೆನಿಸಿದ ಕಡೆ ನಿಲ್ಲಿಸಿ ಕೋಣೆಗೆ ಮರಳಲು ಒಂದು ದಾರಿ. ಕಾಲು ಸೋಲಬಹುದು, ಚೈನು ತುಂಡಾಗಬಹುದು, ಮಳೆ ಬರಬಹುದು. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಏನಾದರೂ ಉಪಾಯ ಹೊಳೆಯುತ್ತದೆ. ಒಬ್ಬರೇ ಇದ್ದಾಗ ಆ ಉಪಾಯವನ್ನು ದಾರಿ ಆರಿಸುವಾಗಲೇ ಕಟ್ಟಿಕೊಂಡಿರಬೇಕು.

ಫ್ರಾನ್ಸಿನ ನೀಸ್ ನಗರದಿಂದ ಮೊನಾಕೊ ದಾಟಿ ಇಟಲಿಯ ಇಂಪೀರಿಯಾದವರೆಗಿನ ಕರಾವಳಿಯನ್ನು ನಾನು ಮೊದಲ ಏಕಾಂಗಿ ಸವಾರಿಗೆ ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ಸುಮಾರು 80 ಕಿಲೋಮೀಟರ್, ಮೂರು ದೇಶ, ಬಹುಪಾಲು ಸಮಯ ಕಣ್ಣಳತೆಯಲ್ಲಿ ಸಮುದ್ರ. ದಾರಿಯುದ್ದಕ್ಕೂ ರೈಲು ಮಾರ್ಗವೂ ಜೊತೆಗೇ ಬರುತ್ತದೆ. ನೀಸ್, ವಿಲ್‌ಫ್ರಾಂಶ್, ಬೋಲ್ಯು, ಎಝ್, ಕಾಪ್ ದಾಯ್, ಮೊನಾಕೊ, ರೋಕ್‌ಬ್ರೂನ್, ಮಾಂತೋಂ, ವೆಂಟಿಮಿಲಿಯಾ, ಬೋರ್ಡಿಗೆರಾ – ಕೆಲವೇ ಕಿಲೋಮೀಟರಿಗೊಂದು ನಿಲ್ದಾಣ. ಅಲ್ಲಿಂದ ಮುಂದೆ ಸೈಕಲ್ ದಾರಿ ಸಾಗುವುದೇ ಹಳೆಯ ರೈಲು ಹಳಿ ಇದ್ದ ಜಾಗದ ಮೇಲೆ.

ಯಾವಾಗ, ಯಾವ ವಾರ, ಯಾವ ದಿಕ್ಕು

ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್. ಜುಲೈ–ಆಗಸ್ಟ್ ಬೇಡ. ಬಿಸಿಲಿಗಿಂತ ಹೆಚ್ಚಾಗಿ ರಸ್ತೆಯ ತುಂಬ ಸಾಲುಗಟ್ಟಿ ನಿಂತ ಕಾರುಗಳು ಸುಸ್ತು ಮಾಡುತ್ತವೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಈ ಕರಾವಳಿಯಲ್ಲಿ ಒಂದೇ ದಿನ ಧಾರಾಕಾರ ಸುರಿದು ಹಳ್ಳಗಳು ಉಕ್ಕುವುದುಂಟು. ಆ ಕಾಲದಲ್ಲಿ ಹೊರಡುವುದಾದರೆ ಹಿಂದಿನ ರಾತ್ರಿ ಹವಾಮಾನದ ಎಚ್ಚರಿಕೆ ನೋಡಿಕೊಂಡೇ ಹೊರಡಿ.

ವಾರದಲ್ಲಿ ನನ್ನ ಆಯ್ಕೆ ಶನಿವಾರ. ಕೆಲಸದ ದಿನಗಳ ಬೆಳಗ್ಗೆ ಮೊನಾಕೊಗೆ ನೌಕರಿಗೆ ಹೋಗುವವರ ಕಾರು, ಸ್ಕೂಟರುಗಳು ಇಕ್ಕಟ್ಟಾದ ರಸ್ತೆಯನ್ನು ತುಂಬಿಬಿಡುತ್ತವೆ. ಶುಕ್ರವಾರ ವೆಂಟಿಮಿಲಿಯಾದಲ್ಲಿ ದೊಡ್ಡ ಸಂತೆ, ಗಡಿಯಾಚೆಯ ಫ್ರೆಂಚರೂ ಅಲ್ಲಿಗೇ ಬರುತ್ತಾರೆ. ಭಾನುವಾರವಾದರೆ ಇಟಲಿಯ ಸೈಕಲ್ ಪಥದ ತುಂಬ ಮಕ್ಕಳು ಮರಿ, ಸಂಸಾರ ಸಮೇತ ಬಂದವರು. ಇನ್ನೊಂದು ಮಾತು: ಮೊನಾಕೊ ಫಾರ್ಮುಲಾ ಒನ್ ಓಟ ಊರಿನ ಬೀದಿಗಳಲ್ಲೇ ನಡೆಯುತ್ತದೆ. ಮೇ ಕೊನೆ, ಜೂನ್ ಮೊದಲ ಭಾಗದಲ್ಲಿ ಹೋಗುವುದಾದರೆ ಓಟದ ದಿನಾಂಕ ನೋಡಿಕೊಳ್ಳಿ. ಆ ದಿನಗಳಲ್ಲಿ ನೀವು ಹೋಗಬೇಕಾದ ರಸ್ತೆಯೇ ಮುಚ್ಚಿರುತ್ತದೆ.

ದಿಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಬೇಡ: ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ನೀಸ್‌ನಿಂದ ಇಟಲಿಯ ಕಡೆಗೇ ಹೋಗಿ. ಅಲ್ಲಿ ವಾಹನಗಳು ಓಡುವುದು ರಸ್ತೆಯ ಬಲಭಾಗದಲ್ಲಿ, ಸಮುದ್ರ ಇರುವುದು ದಕ್ಷಿಣಕ್ಕೆ. ಪೂರ್ವಕ್ಕೆ ಸಾಗುವವರ ಪಾಲಿಗೆ ಸಮುದ್ರದ ಬದಿಯೇ ಬರುತ್ತದೆ. ನಿಂತು ನೋಡಬೇಕೆನಿಸಿದಾಗ ರಸ್ತೆ ದಾಟುವ ಗೋಜಿಲ್ಲ. ಮಧ್ಯಾಹ್ನದ ಮೇಲೆ ಸೂರ್ಯ ಬೆನ್ನಿಗಿರುತ್ತಾನೆ. ಬೆಳಗಿನ ಒಂದೆರಡು ಗಂಟೆ ಮಾತ್ರ ಎಳೆಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ತಂಪು ಕನ್ನಡಕ ಮರೆಯಬೇಡಿ.

ಸೈಕಲ್, ಸಾಮಾನು, ಕಾಗದಪತ್ರ

ನೀಸ್‌ನಲ್ಲಿ ಬಾಡಿಗೆ ಸೈಕಲ್ ಸುಲಭವಾಗಿ ಸಿಗುತ್ತದೆ. ಊರೊಳಗೆ ಓಡಾಡುವ ಭಾರದ ಸೈಕಲ್ ತೆಗೆದುಕೊಳ್ಳಬೇಡಿ. ದೊಡ್ಡ ಘಾಟಿ ಇಲ್ಲದಿದ್ದರೂ ಫ್ರಾನ್ಸಿನ ಭಾಗದಲ್ಲಿ ಸಣ್ಣ ಸಣ್ಣ ಏರುಗಳು ಒಂದರ ಹಿಂದೊಂದು ಬರುತ್ತವೆ, ಹಗುರ ಗಿಯರ್ ಇರಲೇಬೇಕು. ಅಭ್ಯಾಸ ಕಡಿಮೆ ಇರುವವರು ಬ್ಯಾಟರಿ ಸೈಕಲ್ ತೆಗೆದುಕೊಂಡರೆ ತಪ್ಪೇನಿಲ್ಲ. ಆದರೆ ಅದರ ಭಾರವನ್ನು ನಿಲ್ದಾಣದ ಮೆಟ್ಟಿಲುಗಳ ಮೇಲೆ ಹೊರಬೇಕಾದವರು ನೀವೊಬ್ಬರೇ ಎಂಬುದು ನೆನಪಿರಲಿ.

ಅಂಗಡಿಯಿಂದ ಹೊರಬೀಳುವ ಮೊದಲು ಬ್ರೇಕ್ ಪರೀಕ್ಷಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕ್ ಮುಂದಿನ ಚಕ್ರಕ್ಕೆ ಇರುತ್ತದೆ, ಅಲ್ಲಿ ಹೆಚ್ಚಾಗಿ ಎಡಗೈಯದು. ಇಳಿಜಾರಿನಲ್ಲಿ ಗಾಬರಿಯಾಗಿ ಎಡಗೈಯನ್ನು ಬಿಗಿದರೆ ಮುಂದಿನ ಚಕ್ರ ಕಚ್ಚಿ ಮುಗ್ಗರಿಸುವ ಅಪಾಯ ನಿಜ. ಖಾಲಿ ಬೀದಿಯಲ್ಲಿ ಹತ್ತು ನಿಮಿಷ ಓಡಿಸಿ ಕೈಗೆ ರೂಢಿ ಮಾಡಿಕೊಳ್ಳಿ. ಹಾಗೆಯೇ ರಸ್ತೆಯ ಬಲಬದಿಯ ರೂಢಿಯೂ ಆಗಬೇಕು: ವೃತ್ತಗಳಲ್ಲಿ ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಮೊದಲು ನೋಡಬೇಕಾದದ್ದು ಎಡಕ್ಕೆ. ದಣಿದಾಗ ಹಳೆಯ ರೂಢಿ ಮರಳಿಬಿಡುತ್ತದೆ. ಅದರಲ್ಲೂ ಕಾಫಿಗೆ ನಿಂತು ಮತ್ತೆ ರಸ್ತೆಗಿಳಿಯುವ ಕ್ಷಣದಲ್ಲಿ ಎಚ್ಚರ ಬೇಕು.

ಚೀಲದಲ್ಲಿ ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪು, ಅಲೆನ್ ಕೀ ಕಟ್ಟು, ಮುಂದೆ ಹಿಂದೆ ದೀಪ, ಗಟ್ಟಿ ಬೀಗ, ಪವರ್ ಬ್ಯಾಂಕ್, ಎರಡು ಬಾಟಲಿ ನೀರು, ತೆಳು ಮಳೆ ಕೋಟು. ಪಂಕ್ಚರ್ ಹಾಕಲು ಬಾರದಿದ್ದರೆ ಹೊರಡುವ ಮೊದಲೇ ಮನೆಯಲ್ಲಿ ಟ್ಯೂಬ್ ಬದಲಿಸುವುದನ್ನು ಕಲಿತುಕೊಳ್ಳಿ, ಅದೂ ಹಿಂದಿನ ಚಕ್ರದ್ದು. ಮುಂದಿನದನ್ನು ಯಾರು ಬೇಕಾದರೂ ಮಾಡುತ್ತಾರೆ, ಚೈನು ಬಿಡಿಸಿ ಮತ್ತೆ ಕೂರಿಸುವುದು ಹಿಂದಿನದರಲ್ಲಿ. ಮಿಂಚುವ ಜಾಕೆಟ್ ಒಂದು ಇಟ್ಟುಕೊಳ್ಳಿ. ಇಟಲಿಯಲ್ಲಿ ಸುರಂಗದೊಳಗೆ ಹಗಲಾದರೂ, ಊರಾಚೆ ಕತ್ತಲಾದ ಮೇಲೆಯೂ ಸೈಕಲ್ ಸವಾರರು ಅದನ್ನು ತೊಡಲೇಬೇಕೆಂಬುದು ಕಾನೂನು. ಫ್ರಾನ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸೈಕಲ್ ಓಡಿಸಿದರೆ ದಂಡ. ಒಬ್ಬರೇ ಇರುವಾಗ ಹಾಡು ಕೇಳುವ ಆಸೆ ಸಹಜ. ಆದರೆ ಹಿಂದಿನಿಂದ ಬರುವ ಬಸ್ಸನ್ನು ಮೊದಲು ಗುರುತಿಸುವುದು ಕಿವಿಯೇ.

ಪಾಸ್‌ಪೋರ್ಟ್ ಮೂಲಪ್ರತಿಯೇ ಜೊತೆಗಿರಲಿ. ಷೆಂಗೆನ್ ವೀಸಾ ಇದ್ದರೆ ಮೂರೂ ಕಡೆ ಓಡಾಡಬಹುದು, ಒಂದೇ ಪ್ರವೇಶದ ವೀಸಾ ಆದರೂ ಅಡ್ಡಿಯಿಲ್ಲ. ಜರ್ಮನಿ, ನೆದರ್ಲೆಂಡ್ಸ್ ಕಡೆ ಓದುವ, ಕೆಲಸ ಮಾಡುವ ಕನ್ನಡಿಗರು ನಿವಾಸ ಪರವಾನಗಿ ಕಾರ್ಡನ್ನೂ ತರಬೇಕು. ಫ್ರಾನ್ಸ್ 2015ರಿಂದ ಇಟಲಿ ಗಡಿಯಲ್ಲಿ ತಪಾಸಣೆಯನ್ನು ಮತ್ತೆ ಶುರುಮಾಡಿದೆ, ಮೊಬೈಲಿನ ಫೋಟೋ ತೋರಿಸಿದರೆ ಸಾಕಾಗುವುದಿಲ್ಲ. ಪ್ರಯಾಣ ವಿಮೆಯಲ್ಲಿ ಸೈಕಲ್ ಸವಾರಿ ಸೇರಿದೆಯೇ ಎಂದೂ ಒಮ್ಮೆ ಓದಿ ನೋಡಿ.

ನೀಸ್‌ನಿಂದ ಮೊನಾಕೊ: ಕೆಳಗಿನ ರಸ್ತೆ ಬಿಡಬೇಡಿ

ಏಳು ಗಂಟೆಗೆ ಹೊರಡಿ. ಪ್ರೊಮೆನಾದ್ ದೆಸಾಂಗ್ಲೆ ಎಂಬ ಸಮುದ್ರ ತೀರದ ಹೆದ್ದಾರಿಯಲ್ಲಿ ಸೈಕಲ್‌ಗೆ ಪ್ರತ್ಯೇಕ ಪಥವಿದೆ. ಅದು ಮುಗಿದು ಬಂದರು ದಾಟಿದ ಕೂಡಲೇ ಬುಲ್ವಾರ್ ಕಾರ್ನೋ ಎಂಬ ರಸ್ತೆ ಬೆಟ್ಟದ ಮೈಗೆ ಏರುತ್ತದೆ. ದಿನದ ಮೊದಲ ಏರು ಇದೇ. ಹಗುರ ಗಿಯರಿನಲ್ಲಿ, ಮಾತಾಡುತ್ತಾ ಹೋಗಬಹುದಾದಷ್ಟು ನಿಧಾನಕ್ಕೆ ತುಳಿಯಿರಿ. ಒಬ್ಬರೇ ಹೋಗುವವರು ಬೆಳಗ್ಗೆ ಹುರುಪಿನಲ್ಲಿ ಜೋರಾಗಿ ತುಳಿದು, ಮಧ್ಯಾಹ್ನ ದಣಿಯುವುದೇ ಹೆಚ್ಚು. ನಿಧಾನ ಮಾಡು ಎನ್ನಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನೀಸ್‌ಗೂ ಮಾಂತೋಂಗೂ ನಡುವೆ ಬೆಟ್ಟದಲ್ಲಿ ಒಂದರ ಮೇಲೊಂದು ಮೂರು ರಸ್ತೆಗಳಿವೆ, ಮೂರಕ್ಕೂ ಕಾರ್ನಿಶ್ ಎಂದೇ ಹೆಸರು. ಮೇಲಿನದು ಗ್ರಾಂದ್ ಕಾರ್ನಿಶ್, ನೆಪೋಲಿಯನ್ ಕಾಲದ್ದು, ಸುಮಾರು 500 ಮೀಟರ್ ಎತ್ತರಕ್ಕೆ ಹೋಗುತ್ತದೆ. ನಡುವಿನದರಲ್ಲಿ ವಾಹನಗಳ ವೇಗ ಹೆಚ್ಚು. ನಿಮಗೆ ಬೇಕಾದದ್ದು ಕೆಳಗಿನ ಬಾಸ್ ಕಾರ್ನಿಶ್. ನೋಟ ಮೇಲಿನಿಂದ ಚೆಂದ ಎಂದು ಯಾರು ಹೇಳಿದರೂ ಈ ದಿನ ಮೇಲೆ ಹತ್ತಬೇಡಿ, ಮುಂದೆ ಇನ್ನೂ ದೂರವಿದೆ. ನಿಲ್ದಾಣಗಳಿರುವುದೂ ಕೆಳಗೇ.

ಏರು ಮುಗಿದು ತಿರುವು ದಾಟಿದರೆ ವಿಲ್‌ಫ್ರಾಂಶ್ ಕೊಲ್ಲಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಎದುರಿಗೆ ಕಾಪ್ ಫೆರಾ ಭೂಶಿರ, ನಡುವೆ ಆಳವಾದ ನೀಲಿ ನೀರು. ಇಲ್ಲಿ ಧಾರಾಳವಾಗಿ ನಿಲ್ಲಿ. ಬೋಲ್ಯು ದಾಟಿದ ಮೇಲೆ ಬಂಡೆ ರಸ್ತೆಯ ಮೇಲೆಯೇ ಬಾಗಿದಂತಿರುತ್ತದೆ, ಸಣ್ಣ ಸುರಂಗಗಳು ಬರುತ್ತವೆ. ಒಳಹೋಗುವ ಮೊದಲೇ ಹಿಂದಿನ ದೀಪ ಹಚ್ಚಿ, ಕನ್ನಡಕ ತೆಗೆಯಿರಿ. ಬಿಸಿಲಿನಿಂದ ನೇರ ಕತ್ತಲಿಗೆ ಹೋದಾಗ ಕಣ್ಣು ಹೊಂದಿಕೊಳ್ಳುವ ಮೊದಲೇ ಗುಂಡಿ ಬರಬಹುದು.

ಮೊನಾಕೊದೊಳಗೆ ದಾರಿ ತಪ್ಪುವುದು ಸುಲಭ, ಏಕೆಂದರೆ ಇಡೀ ದೇಶ ಮಹಡಿಗಳಂತೆ ಕಟ್ಟಿದ ಊರು. ಕಾರುಗಳಿಗೆಂದೇ ಕೊರೆದ ಸುರಂಗಗಳ ಬಾಯಲ್ಲಿ ಸೈಕಲ್ ನಿಷೇಧದ ಫಲಕ ಇರುತ್ತದೆ, ಅದನ್ನು ನೋಡಿ ತಿರುಗಿ. ನೇರ ಬಂದರಿಗಿಳಿದು, ಅಲ್ಲಿಂದ ಅವೆನ್ಯೂ ದೋಸ್ತಾಂದ್ ಏರಿ ಕ್ಯಾಸಿನೊ ಚೌಕಕ್ಕೆ ಬನ್ನಿ. 1929ರಿಂದ ಮೊನಾಕೊ ಗ್ರಾಂ ಪ್ರಿ ಓಟದ ಕಾರುಗಳು ಏರುವ ರಸ್ತೆ ಇದೇ. ಟಿವಿಯಲ್ಲಿ ಸಪಾಟಾಗಿ ಕಾಣುವ ಏರು ಎಷ್ಟು ಕಡಿದೆಂದು ತೊಡೆಗಳಿಗೆ ಗೊತ್ತಾಗುತ್ತದೆ. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾಂತೋಂ, ಮೊದಲ ತೀರ್ಮಾನ

ಮೊನಾಕೊ ದಾಟಿದರೆ ರೋಕ್‌ಬ್ರೂನ್-ಕಾಪ್-ಮಾರ್ತಾಂ. ಭಾರತೀಯರು ಇಲ್ಲಿ ಒಂದರ್ಧ ಗಂಟೆ ಕೊಡಲೇಬೇಕು. ಚಂಡೀಗಢ ನಗರವನ್ನು ರೂಪಿಸಿದ ವಾಸ್ತುಶಿಲ್ಪಿ ಲ ಕೊರ್ಬುಸಿಯೆ 1951–52ರಲ್ಲಿ ತನಗಾಗಿ ಕಟ್ಟಿಕೊಂಡ ಒಂದು ಕೋಣೆಯ ಮರದ ಗುಡಿಸಲು ಈ ತೀರದಲ್ಲೇ ಇದೆ. ಉದ್ದ 3.66 ಮೀಟರ್, ಅಗಲವೂ ಅಷ್ಟೇ. ಅತ್ತ ಚಂಡೀಗಢದಲ್ಲಿ ವಿಧಾನಸಭೆ, ಹೈಕೋರ್ಟಿನ ಬೃಹತ್ ಕಟ್ಟಡಗಳ ಕೆಲಸ ನಡೆದ ವರ್ಷಗಳಲ್ಲಿ ಆತ ಬೇಸಿಗೆ ಕಳೆಯುತ್ತಿದ್ದದ್ದು ಈ ಪುಟ್ಟ ಕೋಣೆಯಲ್ಲಿ. 2016ರಲ್ಲಿ ಯುನೆಸ್ಕೊ ಚಂಡೀಗಢದ ಆ ಕಟ್ಟಡಗಳನ್ನೂ ಈ ಗುಡಿಸಲನ್ನೂ ಒಂದೇ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. 1965ರ ಆಗಸ್ಟ್ 27ರಂದು ಇದೇ ಸಮುದ್ರದಲ್ಲಿ ಈಜುವಾಗ ಆತ ತೀರಿಕೊಂಡ. ಗುಡಿಸಲಿನ ಬಳಿ ಹೋಗುವ ತೀರದ ದಾರಿ ನಡೆಯುವವರಿಗೆ ಮಾತ್ರ. ಸೈಕಲನ್ನು ನಿಲ್ದಾಣದ ಹತ್ತಿರ ಬೀಗ ಹಾಕಿ ನಡೆದು ಬನ್ನಿ. ಒಳಗೆ ನೋಡಲು ಮೊದಲೇ ಕಾಯ್ದಿರಿಸಿರಬೇಕು.

ಮಾಂತೋಂ ನಿಂಬೆಹಣ್ಣಿನ ಊರು. ಫೆಬ್ರವರಿಯಲ್ಲಿ ನಿಂಬೆ, ಕಿತ್ತಳೆಗಳನ್ನೇ ಜೋಡಿಸಿ ರಥ, ಪ್ರತಿಮೆ ಮಾಡಿ ಹಬ್ಬ ಮಾಡುತ್ತಾರೆ. ಹೊರಟಲ್ಲಿಂದ ಇಲ್ಲಿಗೆ ಸುಮಾರು 30 ಕಿಲೋಮೀಟರ್ ಆಗಿರುತ್ತದೆ, ಏರಿಳಿತದ ಬಹುಪಾಲು ಮುಗಿದಿರುತ್ತದೆ. ಈ ಊರಿನಲ್ಲಿ ಕೂತು ಮೊದಲ ತೀರ್ಮಾನ ಮಾಡಿ. ಹನ್ನೊಂದೂವರೆ ದಾಟಿದ್ದರೆ, ಅಥವಾ ಮಂಡಿ, ಸೊಂಟ ನೋಯುತ್ತಿದ್ದರೆ, ಗಡಿ ದಾಟಿ ವೆಂಟಿಮಿಲಿಯಾದವರೆಗೆ ಹೋಗಿ ಅಲ್ಲಿ ರೈಲು ಹತ್ತಿ. ಇದನ್ನು ಹೊರಡುವ ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆಸೆ ಜೋರಾಗಿರುವ ಹೊತ್ತಿನಲ್ಲಿ ಒಬ್ಬರೇ ಕೂತು ಮಾಡುವ ಲೆಕ್ಕಾಚಾರ ಯಾವಾಗಲೂ ಮುಂದೆ ಹೋಗುವ ಕಡೆಗೇ ವಾಲುತ್ತದೆ.

ಇಲ್ಲಿಂದಲೇ ಮನೆಯವರಿಗೊಂದು ಸಂದೇಶ ಕಳಿಸಿ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಸಂಜೆ ಆರಕ್ಕೆ ತಲುಪಿದೆ ಎಂದು ಬರೆಯುವ ಹೊತ್ತಿಗೆ ಊರಿನಲ್ಲಿ ಅಪ್ಪ ಅಮ್ಮ ರಾತ್ರಿ ಒಂಬತ್ತೂವರೆಯವರೆಗೆ ಕಾದಿರುತ್ತಾರೆ, ಅದನ್ನು ಮೊದಲೇ ತಿಳಿಸಿರಿ. ದಾರಿಯಲ್ಲಿ ಏನಾದರೂ ಆದರೆ ಎರಡೂ ದೇಶಗಳಲ್ಲಿ ಕರೆ ಮಾಡಬೇಕಾದ ಸಂಖ್ಯೆ 112.

ಗಡಿ ದಾಟಿ ಓಸ್ಪೆಡಲೆಟ್ಟಿಗೆ

ಇಟಲಿಗೆ ಸಮುದ್ರದಂಚಿನ ಕೆಳಗಿನ ಗಡಿಯಿಂದಲೇ ಹೋಗಿ. ದಾಟಿದ ಕೂಡಲೇ ಕೆಂಪು ಬಂಡೆಗಳ ಗೋಡೆ, ಅದರಲ್ಲಿ ಆದಿಮಾನವರ ಗುಹೆಗಳು. ಬಾಲ್ಸಿ ರೋಸ್ಸಿ ಎಂದು ಕರೆಯುತ್ತಾರೆ. ಆಮೇಲೆ ಮೋರ್ತೊಲಾ ಭೂಶಿರದ ಏರು. ಇದೇ ದಿನದ ಕೊನೆಯ ಗಂಭೀರ ಏರು, ಬಿಸಿಲೂ ಏರಿರುತ್ತದೆ. ನೀರು ಇಲ್ಲಿಗೆ ಮುಗಿದಿರಬಾರದು. ಎರಡೂ ದೇಶಗಳಲ್ಲಿ ರಸ್ತೆ ಬದಿ ನಲ್ಲಿಗಳಿವೆ. ಫಲಕದಲ್ಲಿ ‘ನೋನ್ ಪೊತಾಬ್ಲ್’ ಅಥವಾ ‘ನೋನ್ ಪೊತಾಬಿಲೆ’ ಎಂದಿದ್ದರೆ ಆ ನೀರು ಕುಡಿಯಬಾರದು.

ವೆಂಟಿಮಿಲಿಯಾದಿಂದ ಬೋರ್ಡಿಗೆರಾದವರೆಗೆ ಆವ್ರೇಲಿಯಾ ರಸ್ತೆ, ರೋಮನ್ನರ ಕಾಲದ ಹೆಸರನ್ನೇ ಉಳಿಸಿಕೊಂಡಿದೆ. ಮಟ್ಟಸ ದಾರಿ, ಊರಿಗೆ ಊರು ತಾಗಿಕೊಂಡಿದೆ, ವಿಶೇಷವೇನೂ ಇಲ್ಲ. ನಿಲ್ಲಿಸಿದ ಕಾರುಗಳ ಬಾಗಿಲು ತಟ್ಟನೆ ತೆರೆಯಬಹುದು, ಅವುಗಳಿಂದ ಒಂದು ಮೀಟರ್ ದೂರವಿರಿ.

ಎರಡನೇ ತೀರ್ಮಾನ ಬೋರ್ಡಿಗೆರಾದಲ್ಲಿ. ಇದಾದ ಮೇಲೆ ರೈಲು ಮಾರ್ಗ ತೀರ ಬಿಟ್ಟು ಬೆಟ್ಟದೊಳಗೆ ನುಗ್ಗುತ್ತದೆ, ಸೈಕಲ್ ಪಥ ಶುರುವಾಗುವ ಓಸ್ಪೆಡಲೆಟ್ಟಿಯಲ್ಲಿ ಈಗ ನಿಲ್ದಾಣವಿಲ್ಲ. ಮುಂದಿನದು ಸಾನ್ ರೆಮೊ. ಅದೂ ಬೆಟ್ಟದ ಹೊಟ್ಟೆಯೊಳಗೆ ಇದೆ, ಪ್ಲಾಟ್‌ಫಾರಂ ಮುಟ್ಟಲು ಸೈಕಲ್ ತಳ್ಳಿಕೊಂಡು ನೆಲದಡಿಯ ಉದ್ದನೆಯ ದಾರಿಯಲ್ಲಿ ನಡೆಯಬೇಕು. ಇಲ್ಲಿ ಸೈಕಲ್‌ನಲ್ಲಿ ಏನಾದರೂ ಸದ್ದು ಬರುತ್ತಿದ್ದರೆ ಸರಿ ಮಾಡಿಸಿಕೊಂಡೇ ಮುಂದೆ ಹೋಗಿ.

ಹಳೆಯ ಹಳಿಯ ಮೇಲೆ 24 ಕಿಲೋಮೀಟರ್

ಬೆಳಗಿನಿಂದ ತುಳಿದದ್ದೆಲ್ಲ ಈ ಭಾಗಕ್ಕಾಗಿ ಎನ್ನಬೇಕು. ಜಿನೋವಾ–ವೆಂಟಿಮಿಲಿಯಾ ರೈಲು ಮೊದಲು ಒಂಟಿ ಹಳಿಯ ಮೇಲೆ ಸಮುದ್ರದ ಅಂಚಿನಲ್ಲೇ ಓಡುತ್ತಿತ್ತು. 2001ರಲ್ಲಿ ಓಸ್ಪೆಡಲೆಟ್ಟಿಯಿಂದ ಸಾನ್ ಲೊರೆಂಜೊವರೆಗಿನ ಭಾಗವನ್ನು ಬೆಟ್ಟದೊಳಗಿನ ಜೋಡಿ ಹಳಿಗೆ ಸ್ಥಳಾಂತರಿಸಿದರು. ಖಾಲಿಯಾದ ಜಾಗದಲ್ಲಿ ಕಟ್ಟಡಗಳು ಏಳುವ ಬದಲು ಸೈಕಲ್ ಪಥ ಬಂತು. ಒಂದು ಕರಾವಳಿ ತನ್ನ ಅತ್ಯುತ್ತಮ ನೆಲವನ್ನು ಕಾರಿಗೂ ಹೋಟೆಲಿಗೂ ಕೊಡದೆ ಕಾಲ್ನಡಿಗೆಗೆ, ಸೈಕಲ್‌ಗೆ ಬಿಟ್ಟುಕೊಟ್ಟಿತಲ್ಲ ಎಂಬ ಸಂತೋಷ ನನಗೆ ದೊಡ್ಡದು. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರಿಳಿತವೇ ಇಲ್ಲ ಎನ್ನಬಹುದು. ತಿರುವುಗಳೂ ಮೆದು.

ಓಸ್ಪೆಡಲೆಟ್ಟಿ ಬಿಟ್ಟ ಕೂಡಲೇ ಕಾಪೊ ನೀರೊ ಸುರಂಗ, ಸುಮಾರು 1,750 ಮೀಟರ್. ಒಳಗೆ ದೀಪಗಳಿವೆ, ವಾಹನಗಳಿಲ್ಲ. ಮಧ್ಯಾಹ್ನದ ಬಿಸಿಲಿನಿಂದ ಒಳಬಂದಾಗ ಚಳಿಯೇ ಆಗುತ್ತದೆ, ಜಾಕೆಟ್ ಹಾಕಿಕೊಳ್ಳಿ. ಮಿಲಾನ್–ಸಾನ್ ರೆಮೊ ಸೈಕಲ್ ಓಟದ ಚರಿತ್ರೆಯನ್ನು ಈ ಸುರಂಗದಲ್ಲಿ ವರ್ಷ ವರ್ಷವಾಗಿ ಬರೆದಿದ್ದಾರೆ. 1907ರಲ್ಲಿ ಫ್ರಾನ್ಸಿನ ಲ್ಯೂಸಿಯಾಂ ಪೆತಿ-ಬ್ರೆತೋಂ ಗೆದ್ದಲ್ಲಿಂದ ಶುರುವಾದದ್ದು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಹೆಸರು ಏಳು ಸಲ ಬರುತ್ತದೆ. ಪ್ರತಿ ಮಾರ್ಚಿನಲ್ಲಿ ಸುಮಾರು 300 ಕಿಲೋಮೀಟರ್ ಒಂದೇ ದಿನ ತುಳಿಯುವವರು ಎದುರು ದಿಕ್ಕಿನಿಂದ ಬಂದು, ಚಿಪ್ರೆಸ್ಸಾ, ಪೊಜ್ಜೊ ಎಂಬ ಎರಡು ಗುಡ್ಡ ಹತ್ತಿಳಿದು ಸಾನ್ ರೆಮೊದಲ್ಲಿ ಮುಗಿಸುತ್ತಾರೆ. ಶಕ್ತಿ ಉಳಿದಿದ್ದರೆ ಪೊಜ್ಜೊ ಗುಡ್ಡವನ್ನು ಸಾನ್ ರೆಮೊ ಕಡೆಯಿಂದ ಹತ್ತಿ ಬರಬಹುದು. ಅವರು ಪ್ರಾಣದ ಹಂಗು ತೊರೆದು ಇಳಿಯುವ ತಿರುವುಗಳನ್ನು ನೀವು ಏರುತ್ತೀರಿ. ಉಳಿದಿಲ್ಲದಿದ್ದರೆ ಬೇಡವೇ ಬೇಡ.

ಊಟ ಸಾನ್ ರೆಮೊದಲ್ಲಿ. ಸಸ್ಯಾಹಾರಿಗಳು ಎಚ್ಚರದಿಂದಿರಬೇಕಾದ್ದು ಸಣ್ಣ ಮೀನಿನ ವಿಷಯದಲ್ಲಿ: ಇಲ್ಲಿನ ಸಾರ್ದೆನಾಯ್ರಾ, ನೀಸ್‌ನ ಪಿಸ್ಸಲಾದಿಯೆರ್ ಎರಡೂ ನೋಡಲು ಪಿಜ್ಜಾದಂತಿದ್ದರೂ ಅವುಗಳಲ್ಲಿ ಮೀನು ಇರುತ್ತದೆ, ಕಣ್ಣಿಗೆ ಕಾಣದಂತೆ ಅರೆದು ಹಚ್ಚಿರುವುದೂ ಉಂಟು. ಫರಿನಾತಾ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ. ದಪ್ಪ ದೋಸೆಯಂತೆ ದೊಡ್ಡ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸುತ್ತಾರೆ. ನೀಸ್‌ನಲ್ಲಿ ಇದಕ್ಕೇ ಸೊಕ್ಕಾ ಎನ್ನುತ್ತಾರೆ. ಫೊಕಾಚ್ಚಾ ರೊಟ್ಟಿಯೂ ಎಲ್ಲೆಡೆ ಸಿಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ, ಮೊದಲೇ ಕೊಂಡುಕೊಳ್ಳಿ. ಒಬ್ಬರೇ ಇದ್ದಾಗ ಹೊರಗಿನ ಮೇಜಿನಲ್ಲೇ ಕೂತು, ಸೈಕಲನ್ನು ಕಣ್ಣೆದುರಿನ ಕಂಬಕ್ಕೆ ಬೀಗ ಹಾಕಿ ಊಟ ಮಾಡಿ. ಶೌಚಾಲಯಕ್ಕೆ ಹೋಗುವಾಗ ಪಾಸ್‌ಪೋರ್ಟ್, ಹಣ, ಫೋನು ಮೈಮೇಲೇ ಇರಲಿ.

ಊರಿನ ಪೂರ್ವ ಭಾಗದಲ್ಲಿ ಪಥಕ್ಕೆ ಹತ್ತಿರದಲ್ಲೇ ಆಲ್ಫ್ರೆಡ್ ನೊಬೆಲ್ ವಾಸವಿದ್ದ ಮನೆ ಇದೆ. ಆತ ಇಲ್ಲೇ 1896ರ ಡಿಸೆಂಬರ್ 10ರಂದು ತೀರಿಕೊಂಡದ್ದು. ನೊಬೆಲ್ ಪ್ರಶಸ್ತಿಗಳನ್ನು ಪ್ರತಿವರ್ಷ ಅದೇ ದಿನ ಕೊಡುತ್ತಾರೆ.

ಆರ್ಮಾ ದಿ ತಾಜ್ಜಾ ದಾಟಿದ ಮೇಲೆ ಜನ ಕಡಿಮೆ. ಅಲ್ಲಿಂದ ಪಥದ ಕೊನೆಯವರೆಗೆ ಸಮುದ್ರ ಕೈಗೆಟಕುವಷ್ಟು ಹತ್ತಿರ. ನೀರಿಗಿಳಿಯುವ ಆಸೆಯಾದರೆ ಸೈಕಲ್ ಕಾಣುವಷ್ಟು ಹತ್ತಿರದ ಸಣ್ಣ ದಂಡೆ ಆರಿಸಿ, ಸೊಂಟದ ಮಟ್ಟಕ್ಕಿಂತ ಆಳಕ್ಕೆ ಒಬ್ಬರೇ ಹೋಗಬೇಡಿ. ದಣಿದ ಕಾಲಿಗೆ ತಣ್ಣೀರಿನಲ್ಲಿ ಸ್ನಾಯು ಸೆಳೆತ ಹಿಡಿಯುವುದು ಬೇಗ.

ಮರಳುವುದು

ಸಾನ್ ಲೊರೆಂಜೊದಿಂದ ಇಂಪೀರಿಯಾ ನಿಲ್ದಾಣಕ್ಕೆ ಇನ್ನು ಸುಮಾರು ಏಳು ಕಿಲೋಮೀಟರ್. ವಾಹನಗಳ ರಸ್ತೆ ಬೇಡವೆನಿಸಿದರೆ, ಅಥವಾ ಕತ್ತಲಾಗುತ್ತಿದ್ದರೆ, ಪಥದಲ್ಲೇ ಹಿಂತಿರುಗಿ ತಾಜ್ಜಾ-ಆರ್ಮಾ ನಿಲ್ದಾಣಕ್ಕೆ ಹೋಗಿ. ಅದು ತೀರದಿಂದ ಸ್ವಲ್ಪ ಒಳಗಿದೆ.

ಇಟಲಿಯಲ್ಲಿ ‘ರೆಜೊನಾಲೆ’ ಎಂಬ ಪ್ರಾದೇಶಿಕ ರೈಲನ್ನೇ ಹತ್ತಿ, ಅವುಗಳಲ್ಲಿ ಸೈಕಲ್ ಚಿಹ್ನೆ ಇರುವ ಬೋಗಿ ನೋಡಿಕೊಳ್ಳಿ. ಸೈಕಲ್‌ಗೆ ಬೇರೆ ಟಿಕೆಟ್ ಬೇಕು, ಇಡೀ ದಿನಕ್ಕೆ 3.50 ಯೂರೊ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲವಾದರೆ ದಂಡ. ವೆಂಟಿಮಿಲಿಯಾದಲ್ಲಿ ಇಳಿದು ‘ಟೆರ್’ ಎಂಬ ಫ್ರಾನ್ಸಿನ ಪ್ರಾದೇಶಿಕ ರೈಲಿಗೆ ಬದಲಿಸಿ. ಆ ರೈಲು ಹೊರಡುವುದು ಅಲ್ಲಿಂದಲೇ, ಹಾಗಾಗಿ ಸೈಕಲ್ ಇಡಲು ಜಾಗ ಸಿಗುತ್ತದೆ. ಕೆಲಸದ ದಿನಗಳ ಸಂಜೆ ಮೊನಾಕೊದಿಂದ ಹತ್ತಲು ನೋಡಿದರೆ ನಿಲ್ಲಲೂ ಸ್ಥಳವಿರುವುದಿಲ್ಲ. ಮಾಂತೋಂ-ಗರವಾನ್ ನಿಲ್ದಾಣದಲ್ಲಿ ಫ್ರೆಂಚ್ ಪೊಲೀಸರು ಬೋಗಿಯೊಳಗೆ ಬಂದು ಪಾಸ್‌ಪೋರ್ಟ್ ಕೇಳುತ್ತಾರೆ. ರೈಲು ತಡವಾಗುವುದೂ ಇದೆ, ಆ ದಿನದ ಕೊನೆಯ ರೈಲನ್ನೇ ನಂಬಿಕೊಳ್ಳದೆ ಅದಕ್ಕಿಂತ ಒಂದೆರಡು ಮುಂಚಿನದನ್ನು ಹಿಡಿಯಿರಿ.

ನೀಸ್ ಮುಟ್ಟುವ ಹೊತ್ತಿಗೆ ಬಾಡಿಗೆ ಅಂಗಡಿ ಮುಚ್ಚಿರುತ್ತದೆ. ಸೈಕಲನ್ನು ಮರುದಿನ ಬೆಳಗ್ಗೆ ಹಿಂದಿರುಗಿಸುವಂತೆ ಮೊದಲೇ ಮಾತಾಡಿಕೊಂಡು, ರಾತ್ರಿ ಅದನ್ನು ಒಳಗಿಡಲು ಜಾಗವಿದೆಯೇ ಎಂದು ಕೋಣೆ ಕಾಯ್ದಿರಿಸುವಾಗಲೇ ಕೇಳಿಟ್ಟುಕೊಳ್ಳಿ.